ಎಣ್ಣೆ ಬಿಡದ ರಬ್ಬರ್ ಶೀಟ್

ಪ್ಲಾಸ್ಟಿಕ್ ಕಾರ್ಖಾನೆಯ ಲ್ಯಾಬಿಗೆ ಹೊಸದಾಗಿ ಸೇರುವ ನಿಮ್ಮಂಥ ಹುಡುಗ ಹುಡುಗಿಯರಿಗೆ ಮೊದಲ ವಾರದಲ್ಲೇ ಒಂದು ವಿಷಯ ಗೊತ್ತಾಗುತ್ತದೆ. ಕಾಲೇಜಿನಲ್ಲಿ ಕಷ್ಟಪಟ್ಟು ಬಾಯಿಪಾಠ ಮಾಡಿದ್ದು ಯಾವುದನ್ನೂ ಇಲ್ಲಿ ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ: “ಮೇಡಂ, ಮಾಲು ಯಾಕೆ ಅಂಟ್ತಾ ಇದೆ?” ಮದ್ರಾಸಿನ ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವ ದಿನದವರೆಗೆ ನಾನು ಈ ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಹೇಳಿಕೊಂಡು ಸಂಬಳ ತೆಗೆದುಕೊಂಡೆ. ಆ ಉತ್ತರಗಳಲ್ಲಿ ಕೆಲವು ಸರಿಯೂ ಇದ್ದವು.

ನಾವು ಮಾಡುತ್ತಿದ್ದುದು ಮೆತ್ತನೆಯ ವಿನೈಲ್ ಶೀಟು. ಊಟದ ಮೇಜಿನ ಮೇಲೆ ಹಾಸುವ ಹೂವಿನ ಚಿತ್ರದ ಕವರು, ಬಚ್ಚಲಿನ ಪರದೆ, ಫ್ರಿಜ್ಜಿನ ತಲೆಯ ಮೇಲೆ ಹಾಕುವ ಜೇಬುಗಳಿರುವ ಹೊದಿಕೆ, ಹಸುಗೂಸಿನ ಕೆಳಗೆ ಹಾಸುವ ರಬ್ಬರ್ ಶೀಟು. ಈ ಕೊನೆಯದರಲ್ಲಿ ರಬ್ಬರ್ ಒಂದು ಚೂರೂ ಇಲ್ಲ, ಅದೂ ವಿನೈಲೇ. ಆದರೆ ಬಾಣಂತನದ ಮನೆಗೆ ಹೋಗಿ “ಅದು ರಬ್ಬರ್ ಅಲ್ಲ” ಎಂದು ತಿದ್ದುವ ಧೈರ್ಯ ರಸಾಯನಶಾಸ್ತ್ರ ಓದಿದ ಯಾರಿಗೂ ಇನ್ನೂ ಬಂದಿಲ್ಲ.

ವಿನೈಲ್ ಹುಟ್ಟಿನಿಂದ ಮೆತ್ತಗಿನ ವಸ್ತುವಲ್ಲ. ಮನೆಯ ಮೋರಿಗೆ ಹಾಕುವ ಪೈಪು ಇದೆಯಲ್ಲ, ಅದೇ ಅದರ ನಿಜವಾದ ಸ್ವಭಾವ. ಅದು ಬಗ್ಗಬೇಕು, ಮಡಚಿಕೊಳ್ಳಬೇಕು ಎಂದರೆ ಅದರ ಪುಡಿಗೆ ಒಂದು ಬಗೆಯ ಎಣ್ಣೆ ಸೇರಿಸಿ, ಬಿಸಿ ಮಾಡಿ ನಾದಬೇಕು. ಈ ಎಣ್ಣೆಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಬರೀ ಆಯಿಲ್ ಅನ್ನುತ್ತಿದ್ದರು. ಅದರ ತೊಂದರೆಯೇನೆಂದರೆ, ಆಯಿಲ್ ವಿನೈಲಿನ ಜೊತೆ ಸಂಸಾರ ಮಾಡುತ್ತದೆಯೇ ಹೊರತು ಮದುವೆಯಾಗುವುದಿಲ್ಲ. ಮನಸ್ಸು ಬಂದಾಗ ಹೊರಟುಬಿಡುತ್ತದೆ. ಫ್ರಿಜ್ಜಿನ ಹೊದಿಕೆ ಫ್ರಿಜ್ಜಿಗೇ ಅಂಟಿಕೊಳ್ಳುವುದು, ಮೇಜಿನ ಪಾಲಿಶ್ ಕಿತ್ತುಬರುವುದು, ಕೈಗೆ ಜಿಗುಟು ಹತ್ತುವುದು, ಎಲ್ಲ ಈ ಹೊರಟುಬಂದ ಆಯಿಲಿನ ಕೆಲಸ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ವಿನಯದಿಂದ ಹೇಳುವ ಅಭ್ಯಾಸ ನನಗಿಲ್ಲ. ಅಪ್ಪ ಉಡುಪಿ ಕಡೆಯಿಂದ ಬಂದು ಮದ್ರಾಸಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತು ನನ್ನನ್ನು ಬಿ.ಎಸ್ಸಿ. ಓದಿಸಿದ. ನಾನು ಕಪ್ಪು ಗೌನು ಹಾಕಿ ತೆಗೆಸಿಕೊಂಡ ಫೋಟೋವನ್ನು ಹೋಟೆಲಿನ ಅಡುಗೆಮನೆಯಲ್ಲಿ, ತನ್ನ ಕಣ್ಣೆದುರಿಗೇ ತೂಗುಹಾಕಿಕೊಂಡಿದ್ದ. ಸಾಂಬಾರಿನ ಉಗಿಗೆ ಗೌನು ಕಂದಾಯಿತು, ಮುಖ ಹಳದಿಯಾಯಿತು, ಅಪ್ಪನ ಹೆಮ್ಮೆ ಮಾತ್ರ ಹಾಗೇ ಇತ್ತು. ಕೆಲಸಕ್ಕೆ ಸೇರಿದ ಮೇಲೆ ಒಂದು ಸಂಜೆ ಕೇಳಿದ:

“ಅಲ್ಲಿ ನಿನ್ನದು ಎಂತ ಕೆಲಸ?”

“ಪುಡಿಗೆ ಎಣ್ಣೆ ಹಾಕಿ, ಹದವಾಗಿ ಕಲಸಿ, ಬಿಸಿ ರೋಲರಿನ ಮೇಲೆ ತೆಳ್ಳಗೆ ಹರಡಿಸುವುದು ಅಪ್ಪ.”

“ಹಾಗಾದ್ರೆ ನಂದೇ ಕೆಲಸ ಅಲ್ವಾ? ಅದಕ್ಕೆ ಇಷ್ಟು ಓದ್ಬೇಕಿತ್ತಾ?”

ಆಗ ಸಿಟ್ಟು ಬಂದಿತ್ತು. ಅಪ್ಪ ಹೇಳಿದ್ದು ಎಷ್ಟು ನಿಜ ಎನ್ನುವುದು ಬಹಳ ವರ್ಷಗಳ ಮೇಲೆ, ರೋಲರಿನ ಮುಂದೆಯೇ ಅರ್ಥವಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಮೊದಲ ಮೇಲಧಿಕಾರಿ ರಾಘವನ್ ಸಾರ್. ಶೀಟು ಎಷ್ಟು ಮೆತ್ತಗಿದೆ ಎಂದು ನೋಡಲು ಅವರು ಅದರ ಮೂಲೆಯನ್ನು ಕಚ್ಚುತ್ತಿದ್ದರು. ತಮಾಷೆಯಲ್ಲ. ರೋಲರಿನಿಂದ ಇಳಿದ ತುಂಡನ್ನು ತಣ್ಣೀರಿನಲ್ಲಿ ಅದ್ದಿ, ಬಲಗಡೆಯ ದವಡೆಯಲ್ಲಿಟ್ಟು ಕಣ್ಣು ಮುಚ್ಚಿ ಕಚ್ಚುವರು. “ಆಯಿಲ್ ಒಂದು ಮಗ್ ಕಡಿಮೆ” ಎನ್ನುವರು. ಹಾಕಿದರೆ ಸರಿಹೋಗುತ್ತಿತ್ತು. ಗಡಸುತನ ಅಳೆಯುವ ಮುಳ್ಳಿನ ಮೀಟರು ಬಂದ ಮೇಲೂ ಮೊದಲು ಹಲ್ಲು, ಆಮೇಲೆ ಮೀಟರು. ಎರಡೂ ಹೊಂದದಿದ್ದರೆ ಮೀಟರನ್ನು ರಿಪೇರಿಗೆ ಕಳಿಸುತ್ತಿದ್ದರು. ಕೊನೆಗೆ ವಯಸ್ಸಾಗಿ ಕಟ್ಟಿಸಿದ ಹಲ್ಲು ಹಾಕಿಸಿಕೊಂಡು ಬಂದರು. ಅಂದಿನಿಂದ ಅವರಿಗೆ ಯಾವ ಮಾಲು ಕಚ್ಚಿದರೂ ಗಟ್ಟಿ. ಮಗ್ಗಿನ ಮೇಲೆ ಮಗ್ ಆಯಿಲ್ ಸುರಿಸಿದರು. ಆ ವರ್ಷದ ಟೇಬಲ್ ಕವರುಗಳು ಹಲ್ವದ ಹಾಗಿದ್ದವು. ಮೇಜಿನಿಂದ ಜಾರಿ ಇಳಿಯುತ್ತಿದ್ದವು. ಹೇಳುವವರು ಯಾರು? ನಾವೆಲ್ಲ ಅವರಿಗೆ ಹೆದರುತ್ತಿದ್ದೆವು. ಅವರು ದಿನವೂ ಬಾಯಿಗೆ ಹಾಕಿಕೊಳ್ಳುತ್ತಿರುವ ಆ ಆಯಿಲ್ ಎಂಥದು ಎಂದು ಕೇಳುವ ಅಭ್ಯಾಸವಂತೂ ಆಗ ಯಾರಿಗೂ ಇರಲಿಲ್ಲ.

ಆಯಿಲುಗಳಲ್ಲಿ ಎಲ್ಲರೂ ಬಹುಕಾಲ ಬಳಸಿದ್ದು ಥ್ಯಾಲೇಟ್ ಎಂಬ ಗುಂಪಿನವು. ಅಗ್ಗ, ಎಲ್ಲೆಂದರಲ್ಲಿ ಸಿಗುತ್ತವೆ, ಎಂಥ ದಡ್ಡ ಲ್ಯಾಬಿನವಳ ಕೈಯಲ್ಲೂ ಮಾಲು ಚೆನ್ನಾಗಿ ಬರುತ್ತದೆ. ಇವುಗಳಲ್ಲಿ ಕೆಲವು ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡ ಬರುತ್ತವೆ, ಅದರಲ್ಲೂ ಬೆಳೆಯುವ ಮಕ್ಕಳಿಗೆ ಒಳ್ಳೆಯದಲ್ಲ ಎಂದು ತಿಳಿಯುತ್ತ ಬಂದ ಹಾಗೆ ಹಲವು ದೇಶಗಳು ಮಕ್ಕಳ ಸಾಮಾನುಗಳಲ್ಲಿ ಅವನ್ನು ತಡೆದವು. ನಮ್ಮಲ್ಲೂ ಆಟಿಕೆಗಳಿಗೆ ನಿಯಮ ಬಂತು. ಆದರೆ ರಬ್ಬರ್ ಶೀಟು ಆಟಿಕೆಯಲ್ಲವಲ್ಲ! ಮಗು ಆಡುವುದು ಅರ್ಧ ಗಂಟೆ, ಅದರ ಮೇಲೆ ಮಲಗುವುದು ಇಡೀ ದಿನ. ಮಗುಚಿಕೊಳ್ಳಲು ಕಲಿತ ಮೇಲೆ ಅದರ ಅಂಚನ್ನೇ ಚೀಪುತ್ತದೆ. ರಾಘವನ್ ಸಾರಿಗಾದರೂ ಸಂಬಳ ಸಿಗುತ್ತಿತ್ತು.

ಅಷ್ಟರಲ್ಲಿ ನಾನೇ ಲ್ಯಾಬಿನ ಮುಖ್ಯಸ್ಥೆಯಾಗಿದ್ದೆ. ಪರದೇಶದ ಒಬ್ಬ ಖರೀದಿದಾರ ಟೇಬಲ್ ಕವರು ಬೇಕು, ಆದರೆ ಆ ಗುಂಪಿನ ಆಯಿಲ್ ಒಂದು ಹನಿಯೂ ಇರಬಾರದು ಎಂದ. ಮಾಲೀಕರು ತಕ್ಷಣ ಒಪ್ಪಿ ಬೇರೆ ಆಯಿಲ್ ತರಿಸಿದರು. ಬೆಳಿಗ್ಗೆ ಮಿಕ್ಸರನ್ನು ತೊಳೆದು ಅವನ ಮಾಲು ಮಾಡುವುದು, ಮಧ್ಯಾಹ್ನ ಅದೇ ಮಿಕ್ಸರಿಗೆ ಹಳೆ ಆಯಿಲ್ ಸುರಿದು ನಮ್ಮೂರ ರಬ್ಬರ್ ಶೀಟು ಮಾಡುವುದು. ಅಲ್ಲಿಯ ಊಟದ ಮೇಜಿಗೆ ಒಳ್ಳೆಯದು, ನಮ್ಮ ಪಕ್ಕದ ಮಾಧವರಂನ ಮಗುವಿನ ಬೆನ್ನಿಗೆ ಹಳೆಯದು. ಇದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಮಾಲೀಕರ ಹೆಸರು ಕದಿರವೇಲ್. ಕೆಟ್ಟವರಲ್ಲ. ಪೂಜೆಯ ದಿನ ಯಂತ್ರಗಳಿಗೆ ಅವರೇ ಕುಂಕುಮ ಹಚ್ಚುತ್ತಿದ್ದರು, ಕೆಲಸದವರ ಮನೆಯ ಮದುವೆಗೆ ತಪ್ಪದೆ ಹೋಗುತ್ತಿದ್ದರು. ಬದಲಾವಣೆ ಎಂಬ ಮಾತು ಕೇಳಿದರೆ ಮಾತ್ರ ಅವರಿಗೆ ತಲೆನೋವು ಬರುತ್ತಿತ್ತು. ನಮ್ಮ ಮಾತೆಲ್ಲ ತಮಿಳಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ಗದರಿಕೆಯ ಖಾರ ಸ್ವಲ್ಪ ಕಡಿಮೆಯಾಗಿ ಕಂಡರೆ ಅದು ನನ್ನ ಉಪಕಾರ.

“ಸಾರ್, ಮಕ್ಕಳ ಶೀಟಿಗಾದರೂ ಹಳೆ ಆಯಿಲ್ ನಿಲ್ಲಿಸೋಣ.”

“ಯಾರಾದ್ರೂ ಕೇಳಿದ್ರಾಮ್ಮಾ?”

“ಕೇಳೋಕೆ ಅವಕ್ಕೆ ಮಾತು ಬರಲ್ಲ ಸಾರ್.”

ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಮ್ಮಾ, ಮಾಡು. ನಿನಗೆ ಬೇಕಾದ ಹಾಗೆ ಮಾಡು. ದೀಪಾವಳಿವರೆಗೆ ಟೈಮ್. ಅಂಗಡಿಯವರು ವಾಪಸ್ ಕಳಿಸದೆ ಮಾರಾಟ ಆದ್ರೆ ಮಕ್ಕಳ ಶೀಟಿಗೆ ಹಳೆ ಆಯಿಲ್ ನಿಲ್ಲಿಸ್ತೀನಿ. ವಾಪಸ್ ಬಂತೋ, ಮತ್ತೆ ಹಳೇದೇ. ಆಮೇಲೆ ನೀನು ಈ ರೂಮಿಗೆ ಬಂದು ಆ ಮಾತು ಎತ್ತಬಾರದು. ಸರೀನಾ?”

ಸರಿ ಎಂದೆ. ಒಂದು ಅವಕಾಶ ಸಿಕ್ಕಿತ್ತು. ಕೆಟ್ಟರೆ ನಾನು ನಿವೃತ್ತಳಾಗುವವರೆಗೂ ಆ ಹಳೆ ಆಯಿಲನ್ನು ಕಣ್ಣೆದುರಿಗೇ ಸುರಿಯುವುದನ್ನು ಬಾಯಿ ಮುಚ್ಚಿಕೊಂಡು ನೋಡಬೇಕು.

ಪರದೇಶದವನ ಆಯಿಲು ನಮ್ಮ ಶೀಟಿಗೆ ದುಬಾರಿಯಾಗುತ್ತಿತ್ತು. ಆದ್ದರಿಂದ ಮೊದಲು ಸೋಯಾ ಎಣ್ಣೆಯಿಂದ ತಯಾರಿಸುವ ಒಂದು ಆಯಿಲನ್ನು ಹಿಡಿದೆ. ಅದನ್ನು ಬೇರೆಯದರ ಜೊತೆ ಸ್ವಲ್ಪ ಸೇರಿಸಿದರೆ ಬಹಳ ಒಳ್ಳೆಯ ವಸ್ತು. ನಾನು ಉತ್ಸಾಹದಲ್ಲಿ ಅದೊಂದನ್ನೇ ಪೂರ್ತಿ ಹಾಕಿದೆ. ಗಿಡದಿಂದ ಬಂದದ್ದು, ಇನ್ನೇನು ಬೇಕು ಎಂದುಕೊಂಡೆ. ಶೀಟು ಹಾಲಿನ ಕೆನೆಯ ಹಾಗೆ ಬಂತು. ಒಂದು ತುಂಡನ್ನು ಮನೆಗೂ ಒಯ್ದು ಕಪಾಟಿನಲ್ಲಿಟ್ಟೆ. ಮದ್ರಾಸಿನ ಸೆಕೆಗೆ ಎಣ್ಣೆ ಬೆವರಿನ ಹಾಗೆ ಹೊರಗೆ ಬಂದು, ಗಾಳಿಗೆ ಕನರಿತು. ಮಾಧವರಂನಲ್ಲಿ ತಮ್ಮನ ಮನೆಯಲ್ಲಿದ್ದ ಅಮ್ಮ ಆ ದಿನಗಳಲ್ಲಿ ನನ್ನ ಮನೆಗೆ ಬಂದಿದ್ದಳು. ಕಪಾಟು ತೆರೆದವಳೇ ಮೂಗಿಗೆ ಸೆರಗು ಹಿಡಿದಳು.

“ಎಂತದೇ ಇದು? ನಿನ್ನೆ ಬೋಂಡ ಕರಿದ ಎಣ್ಣೆ ಬಟ್ಟೆಯ ನಡುವೆ ಇಟ್ಟಿದ್ದೀಯಾ?”

“ಮಕ್ಕಳಿಗೆ ಹಾಸುವ ಹೊಸ ಶೀಟು ಅಮ್ಮ.”

“ಯಾವ ಮಕ್ಕಳಿಗೆ? ಹಸಿವಾದ ಮಕ್ಕಳಿಗಾ?”

ಆ ಹದವನ್ನು ಅಲ್ಲಿಗೇ ಬಿಟ್ಟೆ. ಅಂಗಡಿಗೆ ಹೋಗುವ ಮೊದಲೇ ಅಮ್ಮನ ಮೂಗಿಗೆ ಸಿಕ್ಕಿದ್ದು ನನ್ನ ಪುಣ್ಯ.

ಇದರಿಂದ ಒಂದು ಬುದ್ಧಿ ಬಂತು. ನಾನು ಯಾವ ಎಣ್ಣೆ ಹಾಕಲಿ ಎಂದು ಹುಡುಕುತ್ತಿದ್ದೆ. ಎಣ್ಣೆಯೇ ಬೇಡದ ಪ್ಲಾಸ್ಟಿಕ್ ಯಾವುದು ಎಂದು ಕೇಳಿಕೊಂಡಿರಲೇ ಇಲ್ಲ. ಚಪ್ಪಲಿಯ ಮೆತ್ತನೆಯ ಅಟ್ಟೆಗೆ ಬಳಸುವ ಇ.ವಿ.ಎ. ಎಂಬುದೊಂದಿದೆ. ಅದು ಹುಟ್ಟುವಾಗಲೇ ಮೆತ್ತಗೆ. ಎಣ್ಣೆ ಹಾಕುವ ಮಾತೇ ಇಲ್ಲ, ಹಾಕದ ಎಣ್ಣೆ ಹೊರಗೆ ಬರುವ ಮಾತೂ ಇಲ್ಲ. ಅದರ ಕಾಳು ತರಿಸಿ ವಿನೈಲಿನ ರೋಲರಿಗೇ ಹಾಕಿಸಿದೆ, ವಿನೈಲಿನ ಬಿಸಿಯಲ್ಲೇ. ಅದು ಶೀಟಾಗಿ ಕೆಳಗೆ ಇಳಿಯಲಿಲ್ಲ. ರೋಲರನ್ನು ತಬ್ಬಿಕೊಂಡು ಸುತ್ತಿತು, ಸುತ್ತಿತು, ಸುತ್ತುತ್ತಲೇ ಹೋಯಿತು. ಯಂತ್ರ ನಿಂತಿತು. ನಾಲ್ಕು ಜನ ಹಿತ್ತಾಳೆಯ ಚೂರಿ ಹಿಡಿದು ಸಂಜೆಯವರೆಗೆ ಕೆರೆದರು. ಕದಿರವೇಲ್ ಸಾರ್ ಬಂದು, ಕೈ ಹಿಂದೆ ಕಟ್ಟಿಕೊಂಡು ನೋಡಿದರು.

“ಏನಮ್ಮಾ, ನಿಮ್ಮಪ್ಪ ಹೋಟೆಲಿನಲ್ಲಿ ಇದ್ದರಲ್ಲ. ದೋಸೆ ಎಬ್ಬಿಸೋದು ನಿನಗೆ ಹೇಳಿಕೊಡಲಿಲ್ವಾ?”

ಎಲ್ಲರೂ ನಕ್ಕರು. ನನಗೆ ಅಪ್ಪನ ದೋಸೆಕಲ್ಲು ನೆನಪಾಯಿತು. ಅಪ್ಪ ಪ್ರತಿ ದೋಸೆಗೂ ಮುಂಚೆ ಕಲ್ಲಿನ ಮೇಲೆ ನೀರು ಚಿಮುಕಿಸಿ, ಅದರ ಚುಂಯ್ ಸದ್ದು ಕೇಳಿ, ಬಿಸಿ ಇಳಿಸಿಯೇ ಹಿಟ್ಟು ಹೊಯ್ಯುತ್ತಿದ್ದ. ಕಲ್ಲು ಹೆಚ್ಚು ಕಾದಿದ್ದರೆ ಹಿಟ್ಟು ಹರಡುವುದಿಲ್ಲ, ಸೌಟಿಗೆ ಹತ್ತಿಕೊಂಡು ಬರುತ್ತದೆ. ಮರುದಿನ ರೋಲರಿನ ಬಿಸಿಯನ್ನು ಚೆನ್ನಾಗಿ ಇಳಿಸಿ, ಕೊನೆಯ ರೋಲರಿನೊಳಗೆ ತಣ್ಣೀರು ಹರಿಸಿ ನೋಡಿದೆ. ಸ್ವಲ್ಪ ಹಟ ಮಾಡಿ, ಆಮೇಲೆ ನೀಟಾಗಿ ಬಿಟ್ಟುಕೊಂಡಿತು. ದೋಸೆ ಎದ್ದ ಹಾಗೇ ಎದ್ದಿತು. ಅಪ್ಪ ಆಗ ಬದುಕಿದ್ದರೆ ಫೋನು ಮಾಡಿ ಹೇಳುತ್ತಿದ್ದೆ: ಹೌದು, ನಿಂದೇ ಕೆಲಸ.

ಹೊಸ ಶೀಟು ಹಗುರ, ಮೆತ್ತಗೆ, ಮುಟ್ಟಿದರೆ ಒಣಗಿದ ಹಾಗೆ. ಅಂಗಡಿಗಳಿಗೆ ಹೋಯಿತು. ಹೋದದ್ದು ಹಾಗೇ ವಾಪಸ್ ಬರತೊಡಗಿತು.

ನಮ್ಮ ಸೇಲ್ಸಿನ ಸಂಪತ್ ಬಹಳ ಉತ್ಸಾಹದ ಮನುಷ್ಯ, ಕೆಟ್ಟ ಸುದ್ದಿಯನ್ನೂ ಹಬ್ಬದ ಸುದ್ದಿಯ ಹಾಗೆ ತರುವವನು. “ಮೇಡಂ, ಅಣ್ಣಾ ನಗರ್ ಅಂಗಡಿಯಿಂದ ಪೂರ್ತಿ ಬಂಡಲ್ ವಾಪಸ್! ಡೂಪ್ಲಿಕೇಟ್ ಅಂತಿದಾರೆ!”

“ಯಾವುದರ ಡೂಪ್ಲಿಕೇಟ್? ಈ ಥರದ್ದು ಬೇರೆ ಯಾರೂ ಮಾಡೇ ಇಲ್ಲವಲ್ಲಪ್ಪಾ.”

“ಅದೇ ಮೇಡಂ, ಒರಿಜಿನಲ್ಲೇ ಇಲ್ಲದ ಡೂಪ್ಲಿಕೇಟ್!”

ಅವನ ಜೊತೆ ಹೋಗಿ ಆ ಅಂಗಡಿಯಲ್ಲಿ ನಿಂತೆ. ಲ್ಯಾಬಿನವರು ಅಂಗಡಿಯ ಮೂಲೆಯಲ್ಲಿ ನಿಂತು ಮಾರಾಟ ನೋಡಬೇಕು ಎಂದು ನಾನು ಹೇಳುವುದು ಅಂದಿನಿಂದ. ಮಗಳ ಬಾಣಂತನಕ್ಕೆ ಶೀಟು ಕೊಳ್ಳಲು ಒಬ್ಬ ಅಮ್ಮ ಬಂದರು. ನಮ್ಮ ಶೀಟನ್ನು ಬಿಡಿಸಿದರು, ಬೆರಳಲ್ಲಿ ಉಜ್ಜಿದರು, ಆಮೇಲೆ ಮುಖದ ಹತ್ತಿರ ತಂದು ಮಲ್ಲಿಗೆಯ ದಂಡೆ ಮೂಸುವ ಹಾಗೆ ದೀರ್ಘವಾಗಿ ಮೂಸಿದರು. ಹಣೆ ಗಂಟಿಕ್ಕಿತು.

“ವಾಸನೆಯೇ ಇಲ್ಲವಲ್ಲಪ್ಪಾ. ಹಳೇ ಸ್ಟಾಕಾ?”

ಪಕ್ಕದ ಕಂಪನಿಯ ವಿನೈಲ್ ಶೀಟು ಮೂಸಿದರು. ಮುಖ ಅರಳಿತು. “ಇದು ರಬ್ಬರ್.” ಕೊಂಡುಹೋದರು.

ಅವರು ಮೂಸಿ ಆನಂದಪಟ್ಟದ್ದು ಯಾವುದನ್ನು ನಾನು ಶೀಟಿನಿಂದ ಓಡಿಸಿದ್ದೆನೋ ಆ ಆಯಿಲು ಮತ್ತದರ ಜೊತೆಗಾರರ ವಾಸನೆಯನ್ನು. ಈ ಊರಿನ ಜನಕ್ಕೆ ಅದು ಕಾರ್ಖಾನೆಯ ವಾಸನೆಯಲ್ಲ, ಮನೆಗೆ ಮಗು ಬಂದ ವಾಸನೆ. ಸಾಂಬ್ರಾಣಿ, ವಸಂಬು ಎನ್ನುವ ಬಜೆಬೇರು, ರಬ್ಬರ್ ಶೀಟು. ನಾನು ಇದಕ್ಕೆ ಯಾವ ಮೀಟರು ತರಲಿ?

ಸಂಪತ್ ದಾರಿಯಲ್ಲೇ ಪರಿಹಾರ ಕಂಡುಹಿಡಿದ. “ಮೇಡಂ, ಸಿಂಪಲ್. ರಬ್ಬರ್ ಶೀಟು ವಾಸನೆ ಬರೋ ಸೆಂಟು ಸಿಗುತ್ತೆ. ಎರಡು ಹನಿ ಹಾಕಿಬಿಡಿ.”

ಸೆಂಟಿನವನನ್ನು ಕರೆಸಿದೆ. ಅವನು ಸಣ್ಣ ಬಾಟಲಿ ತಂದ. ಮುಚ್ಚಳ ತೆಗೆದರೆ ಇಡೀ ಲ್ಯಾಬು ಹೆರಿಗೆ ವಾರ್ಡಿನ ಹಾಗಾಯಿತು. ಈ ಸುವಾಸನೆಯನ್ನು ಯಾವುದರಲ್ಲಿ ಕರಗಿಸಿದ್ದೀರಿ ಎಂದು ಕೇಳಿದೆ. ಅವನು ಮುಗ್ಧವಾಗಿ ಹೆಸರು ಹೇಳಿದ. ಅದೂ ಥ್ಯಾಲೇಟೇ! ಆ ಗುಂಪಿನ ಇನ್ನೊಂದು ಸದಸ್ಯ. ಅಣ್ಣನನ್ನು ಕಷ್ಟಪಟ್ಟು ಮನೆಯಿಂದ ಕಳಿಸಿದರೆ ತಮ್ಮ ಅತ್ತರು ಹಚ್ಚಿಕೊಂಡು ಬಂದು ಬಾಗಿಲು ತಟ್ಟುತ್ತಿದ್ದ. ಬಾಟಲಿಯನ್ನು ವಾಪಸ್ ಕಳಿಸಿದೆ. ಸಂಪತ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕದಿರವೇಲ್ ಸಾರ್ ಮಾತ್ರ ಎದುರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು: “ದೀಪಾವಳಿ ಯಾವಾಗಮ್ಮಾ ಈ ವರ್ಷ?”

ಅದೇ ದಿನಗಳಲ್ಲಿ ತಮ್ಮನ ಮಗಳು ಶ್ವೇತಾಗೆ ಮಾಧವರಂನ ಮನೆಯಲ್ಲಿ ಹೆಣ್ಣುಮಗು. ನೋಡಲು ಹೋಗುವಾಗ ಹೊಸ ಶೀಟು ಹಿಡಿದುಕೊಂಡೇ ಹೋದೆ. ಶ್ವೇತಾ ಕನ್ನಡ ಎಲ್ಲ ಅರ್ಥಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಪೈಕಿ. “ಅತ್ತೆ, ಸೂಪರಾ ಇರುಕ್ಕು!” ಎಂದು ಮುಟ್ಟಿ ನೋಡಿದಳು. ಅಮ್ಮ ಕೈಗೆ ತೆಗೆದುಕೊಂಡು, ನಾನು ಹೆದರಿದ ಹಾಗೇ, ಮೂಸಿದಳು.

“ಕಳೆದ ಸಲ ಬೋಂಡದ ವಾಸನೆ. ಈ ಸಲ ಯಾವ ವಾಸನೆಯೂ ಇಲ್ಲ. ನಡುವಿನದ್ದು ನಿಮ್ಮಲ್ಲಿ ಮಾಡುದಿಲ್ವಾ?”

“ಅಮ್ಮ, ಆ ವಾಸನೆ ಮಗುವಿಗೆ ಒಳ್ಳೆಯದಲ್ಲ.”

“ನಿನ್ನನ್ನು ಮಲಗಿಸಿದ್ದು ಅದರ ಮೇಲೆಯೇ. ನೀನು ಬಿ.ಎಸ್ಸಿ. ಪಾಸಾಗ್ಲಿಲ್ವಾ?”

ಅಮ್ಮ ಒಳಗಿನಿಂದ ಶ್ವೇತಾ ಹುಟ್ಟಿದಾಗ ಬಳಸಿ ಎತ್ತಿಟ್ಟಿದ್ದ ಹಳೆಯ ಶೀಟನ್ನು ತಂದಳು. ಬಿಡಿಸಿದರೆ ಹಪ್ಪಳದ ಹಾಗೆ ಸದ್ದು ಮಾಡಿತು. ಮಡಚಿದ ಗೆರೆಯಲ್ಲೆಲ್ಲ ಬಿರುಕು.

“ಇದು ಮೊದಲು ಮೆತ್ತಗಿತ್ತಲ್ಲ ಅಮ್ಮ. ಆ ಮೆತ್ತಗಿದ್ದದ್ದು ಎಲ್ಲಿ ಹೋಯ್ತು?”

“ಎಲ್ಲಿ ಹೋಗ್ತದೆ? ವಯಸ್ಸಾಯ್ತು, ಗಟ್ಟಿಯಾಯ್ತು. ನನ್ನ ಹಾಗೆ.”

ಅಮ್ಮ ನಕ್ಕುಬಿಟ್ಟಳು. ನನಗೆ ಮಾತ್ರ ತಲೆಯಲ್ಲಿ ಏನೋ ಹತ್ತಿಕೊಂಡಿತು. ಪರದೇಶದ ಪರೀಕ್ಷೆಗಳಲ್ಲಿ ಶೀಟನ್ನು ನೀರಿನಲ್ಲೋ ಎಂಜಲಿನಂಥ ದ್ರವದಲ್ಲೋ ಅದ್ದಿ ನೋಡುತ್ತಾರೆ. ಅವರ ಮಗು ಒಣಮೈಯ ಮಗು. ನಮ್ಮ ಮಗು ಹುಟ್ಟಿದ ಕೆಲವೇ ದಿನಕ್ಕೆ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿಸಿಕೊಂಡು, ಅದೇ ಮೈಯಲ್ಲಿ ವಿನೈಲಿನ ಮೇಲೆ ಮಲಗುತ್ತದೆ. ಎಣ್ಣೆ ಎಣ್ಣೆಯನ್ನು ಕರೆಯುತ್ತದೆ. ಲ್ಯಾಬಿಗೆ ಹೋಗಿ ಹಳೆ ಆಯಿಲಿನ ಶೀಟಿನ ಒಂದು ತುಂಡಿಗೆ ತೆಂಗಿನೆಣ್ಣೆ ಸವರುತ್ತ, ಒರೆಸುತ್ತ ಕೆಲವು ದಿನ ನೋಡಿದೆ. ತುಂಡು ಗಟ್ಟಿಯಾಗುತ್ತ ಬಂತು, ತೂಕವೂ ಇಳಿಯಿತು. ಆಯಿಲು ತೆಂಗಿನೆಣ್ಣೆಗೆ ಇಳಿದುಹೋಗುತ್ತಿತ್ತು. ಹೊಸ ಶೀಟು ಎಣ್ಣೆಗೆ ಸ್ವಲ್ಪ ಉಬ್ಬಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಿಟ್ಟುಕೊಡಲು ಅದರೊಳಗೆ ಆಯಿಲೇ ಇರಲಿಲ್ಲ.

ಎರಡೂ ತುಂಡು ಹಿಡಿದು ಮಾಲೀಕರ ಕೋಣೆಗೆ ಓಡಿದೆ. ಕದಿರವೇಲ್ ಸಾರ್ ಹಳೆಯ ತುಂಡನ್ನು ಬಗ್ಗಿಸಿದರು, ಹೊಸದನ್ನು ಬಗ್ಗಿಸಿದರು. ಬಹಳ ಗಂಭೀರವಾಗಿ ತಲೆದೂಗಿದರು.

“ಅಂದ್ರೆ ತೆಂಗಿನೆಣ್ಣೆಯದು ತಪ್ಪು ಅಂತೀಯಾ?”

“ಅಲ್ಲ ಸಾರ್!”

“ಅಮ್ಮಾ, ನಿನ್ನ ಪರೀಕ್ಷೆ ಸರಿ. ನಾನು ನಂಬ್ತೀನಿ. ಅಣ್ಣಾ ನಗರ್ ಅಂಗಡಿಗೆ ಬರೋ ಅಜ್ಜಿ ನಂಬಬೇಕಲ್ಲ?”

ಮಗುವಿಗೆ ಎಣ್ಣೆನೀರು ಹಾಕಲು ಮಾಧವರಂನ ಮನೆಗೆ ಕುಪ್ಪಮ್ಮಾ ಎಂಬ ಹೆಂಗಸು ಬರುತ್ತಿದ್ದಳು. ಆ ಕಡೆಯ ಕಾಲನಿಗಳಲ್ಲಿ ಯಾವ ಮನೆಯಲ್ಲಿ ಮಗು ಹುಟ್ಟಿದರೂ ನೀರು ಹಾಕುವವಳು ಅವಳೇ. ಕಾಲು ಚಾಚಿ ಮಣೆಯ ಮೇಲೆ ಕೂತಳೆಂದರೆ ಆ ಮನೆಯ ಅಧಿಕಾರವೆಲ್ಲ ಅವಳದು. ಅಜ್ಜಿಯರನ್ನೇ ಗದರಿಸುವಳು. ಅಮ್ಮನೂ ಅವಳೆದುರು ಮೆತ್ತಗೆ. ಒಂದು ಭಾನುವಾರ ನಾನು ಅಲ್ಲಿದ್ದಾಗ ಅಮ್ಮ ಅಣ್ಣಾ ನಗರ್‌ನಲ್ಲಿ ಕೊಂಡು ತಂದಿದ್ದ, ಒಳ್ಳೆಯ ವಾಸನೆಯ ಶೀಟನ್ನು ಒಗೆದು ಹರಡಿದ್ದರು, ಒಣಗಿರಲಿಲ್ಲ. ಕುಪ್ಪಮ್ಮಾ ನೀರು ಹಾಕಿ, ಸಾಂಬ್ರಾಣಿ ಹಿಡಿದು, ಮಗುವನ್ನು ಎತ್ತಿಕೊಂಡು ನಿಂತು ಕೂಗಿದಳು: “ಶೀಟು ಎಲ್ಲಿ? ಬೇಗ ಕೊಡಿ, ಮಗು ನಿದ್ದೆಗೆ ಜಾರ್ತಾ ಇದೆ!”

ನಾನು ಕಪಾಟಿನ ಮೂಲೆಗೆ ಸೇರಿದ್ದ ನನ್ನ ಶೀಟನ್ನು ತಂದು ಹಾಸಿದೆ. ಅಮ್ಮ ಕಣ್ಣು ಬಿಟ್ಟಳು.

ಮೇಲೆ ಹಾಸಿದ ಬಟ್ಟೆಯನ್ನು ಮಗು ಎಂದಿನಂತೆ ಒದ್ದು ಸರಿಸಿತು. ಎಣ್ಣೆಯ ಪಸೆ ಆರದ ಬರಿಮೈ ಶೀಟಿಗೇ ತಾಗಿತು. ಸ್ವಲ್ಪ ಹೊತ್ತಿಗೆ ಒದ್ದೆ ಮಾಡಿಕೊಂಡಿತು. ವಿನೈಲಿನ ಶೀಟಾದರೆ ಮುಂದೆ ಏನಾಗುತ್ತದೆಂದು ಎಲ್ಲ ಬಾಣಂತಿಯರಿಗೂ ಗೊತ್ತು. ಸೆಕೆಗೆ ಬೆನ್ನು ಅಂಟಿಕೊಂಡಿರುತ್ತದೆ, ಎತ್ತಿದರೆ ಬ್ಯಾಂಡೇಜು ಕಿತ್ತ ಹಾಗೆ ಸುರ್ರೆಂದು ಸದ್ದಾಗಿ ಮಗು ಎದ್ದು ಇಡೀ ಬೀದಿಗೆ ಕೇಳುವಂತೆ ಅಳುತ್ತದೆ. ಹೊರಡಲು ಚೀಲ ಹಿಡಿದಿದ್ದ ಕುಪ್ಪಮ್ಮಾ ಬಟ್ಟೆ ಬದಲಿಸಲು ಬಗ್ಗಿ ಎತ್ತಿದಳು. ಸದ್ದೇ ಇಲ್ಲ. ಮಗು ತುಟಿ ಚಪ್ಪರಿಸಿ ನಿದ್ದೆ ಮುಂದುವರಿಸಿತು.

ಕುಪ್ಪಮ್ಮಾ ನಂಬಲಿಲ್ಲ. ಮತ್ತೆ ಮಲಗಿಸಿದಳು, ಮತ್ತೆ ಎತ್ತಿದಳು. ಮಗು ಮಲಗೇ ಇತ್ತು.

“ಏಯ್, ಇದು ಎಂತ ಶೀಟು? ಯಾರು ತಂದದ್ದು?”

ನನ್ನ ಎದೆ ಉಬ್ಬಿತು. “ನಾನೇ ಕುಪ್ಪಮ್ಮಾ, ನಮ್ಮ ಕಾರ್ಖಾನೆಯಲ್ಲೇ ಮಾಡಿದ್ದು. ಇದರಲ್ಲಿ ಏನು ವಿಶೇಷ ಅಂದ್ರೆ, ವಿನೈಲಿಗೆ ಹಾಕುವ ಒಂದು ಆಯಿಲ್ ಇದೆಯಲ್ಲ, ಅದು...”

“ಅದೆಲ್ಲ ಇರಲಿ ತಾಯೀ. ಎಲ್ಲಿ ಸಿಗುತ್ತೆ?”

ನನ್ನ ಇಷ್ಟು ವರ್ಷಗಳ ರಸಾಯನಶಾಸ್ತ್ರವನ್ನು ಅವಳು ಒಂದು ಕೈಯಲ್ಲಿ ಹೀಗೆ ಪಕ್ಕಕ್ಕೆ ಸರಿಸಿದಳು. ನಾನು ಅಂಗಡಿಯ ಹೆಸರು ಹೇಳಿದೆ.

ಆಮೇಲೆ ನಡೆದದ್ದರಲ್ಲಿ ನನ್ನ ಕೈ ಏನೂ ಇಲ್ಲ. ಅವಳು ಹೋದ ಮನೆಯಲ್ಲೆಲ್ಲ ಹೇಳಿದಳು. ಕೆಲವು ವಾರಕ್ಕೆ ಸಂಪತ್ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತ. ಈ ಸಲ ನಿಜವಾದ ಹಬ್ಬದ ಮುಖ.

“ಮೇಡಂ! ಮಾಧವರಂ ಹೆಂಗಸರು ಅಂಗಡಿಗೆ ಬಂದು ‘ಮಗು ಎದ್ದೇಳದ ಶೀಟು ಕೊಡಿ’ ಅಂತಿದಾರಂತೆ. ಅಂಗಡಿಯವನು ಕೇಳ್ತಿದಾನೆ, ಅದು ಯಾವುದು ಅಂತ. ಏನು ಹಾಕಿದ್ರಿ? ನಿದ್ದೆ ಔಷಧಿ ಏನಾದ್ರೂ?”

“ಏನೂ ಹಾಕಲಿಲ್ಲ ಸಂಪತ್. ಅದೇ ವಿಶೇಷ.”

ಅವನು ಅದನ್ನೂ ನಂಬಲಿಲ್ಲ. ವಾಪಸ್ ಬಂದಿದ್ದ ಬಂಡಲುಗಳೆಲ್ಲ ಮತ್ತೆ ಹೊರಟವು. ಮೂಸಿ ನೋಡುವವರು ಈಗಲೂ ಮೂಸುತ್ತಿದ್ದರು. ವಾಸನೆ ಇಲ್ಲ ಎಂದು ಗೊಣಗುತ್ತಲೇ ಕೊಂಡುಹೋಗುತ್ತಿದ್ದರು, ನಿದ್ದೆಗೆಟ್ಟ ಮನೆಯವರಿಗೆ ಮೂಗು ಅಷ್ಟು ಮುಖ್ಯವಲ್ಲ ಅಂತ ಕಾಣುತ್ತದೆ.

ಪೊಟ್ಟಣದ ಮೇಲೆ ಏನು ಅಚ್ಚು ಹಾಕಿಸಬೇಕೆಂದು ಕದಿರವೇಲ್ ಸಾರ್ ಕೇಳಿದಾಗ ನಾನು ಒಂದು ಇಡೀ ಪುಟ ಬರೆದುಕೊಟ್ಟೆ. ಯಾವ ಆಯಿಲು ಇಲ್ಲ, ಯಾಕೆ ಇಲ್ಲ, ಎಣ್ಣೆಮೈಯ ಮಗುವಿಗೆ ಅದರಿಂದ ಏನು ಒಳ್ಳೆಯದು, ಎಲ್ಲ. ಅವರು ಕೊನೆಯವರೆಗೆ ಓದಿದರು. ಮಡಚಿ ಜೇಬಿನಲ್ಲಿಟ್ಟುಕೊಂಡರು. ಅಚ್ಚಾಗಿ ಬಂದದ್ದರ ಮೇಲೆ ಮಲಗಿದ ಒಂದು ಗುಂಡುಮಗುವಿನ ಚಿತ್ರ, ಅದರ ಕೆಳಗೆ ತಮಿಳಿನಲ್ಲಿ ಒಂದೇ ಸಾಲು: ಎತ್ತಿದರೂ ಎದ್ದೇಳುವುದಿಲ್ಲ. ನನ್ನ ಒಂದು ಅಕ್ಷರವೂ ಇರಲಿಲ್ಲ. ನೀವೂ ಒಂದು ದಿನ ಇಂಥ ಪುಟ ಬರೆಯುತ್ತೀರಿ. ಬರೆಯಿರಿ, ಬೇಸರ ಮಾಡಿಕೊಳ್ಳಬೇಡಿ.

ದೀಪಾವಳಿಯ ಹಿಂದಿನ ವಾರ ಸಾರ್ ನನ್ನನ್ನು ಮಿಕ್ಸರಿನ ಹತ್ತಿರ ಕರೆದರು. ಮಕ್ಕಳ ಶೀಟಿನ ಕಡೆಗೆ ಹೋಗುತ್ತಿದ್ದ ಆಯಿಲ್ ಪೈಪನ್ನು ಬಿಚ್ಚಿಸಿ, ಬಾಯಿಗೆ ಬಿರಡೆ ಹಾಕಿಸುತ್ತಿದ್ದರು. ನಾನು ಹತ್ತಿರ ಹೋಗಿ ಬಿರಡೆ ಬಿಗಿಯಾಗಿದೆಯೇ ಎಂದು ತಿರುಗಿಸಿ ನೋಡಿದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಬಾಯಿ ಸುಮ್ಮನಿರಲಿಲ್ಲ.

“ಸಾರ್, ಹಾಗೇ ನಮ್ಮೂರ ಟೇಬಲ್ ಕವರಿನ ಪೈಪೂ...”

ಅವರು ನನ್ನನ್ನೂ ಪೈಪನ್ನೂ ಒಂದು ಸಲ ನೋಡಿದರು.

“ಟೇಬಲ್ ನಿದ್ದೆ ಮಾಡಲ್ಲಮ್ಮಾ. ಅದಕ್ಕೆ ಬೇರೆ ಕಾರಣ ಹುಡುಕಿಕೊಂಡು ಬಾ, ಬಿಚ್ಚಿಸ್ತೀನಿ.”

ಕೊಟ್ಟ ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು. ನಿವೃತ್ತಿಯ ದಿನದವರೆಗೂ ಹುಡುಕಿದೆ. ಬಿಸಿ ಅನ್ನದ ತಪ್ಪಲೆ ಇಟ್ಟು ನೋಡಿದೆ, ಸಾರು ಚೆಲ್ಲಿ ನೋಡಿದೆ, ಊಟದ ಮನೆಗಳಲ್ಲಿ ಸುಮ್ಮನೆ ಕೂತು ಹೆಂಗಸರು ಮೇಜು ಒರೆಸುವುದನ್ನೇ ನೋಡಿದೆ. ಆ ಕಾರಣ ನನಗೆ ಸಿಗಲಿಲ್ಲ. ಆ ಪೈಪಿನಲ್ಲಿ ಆಯಿಲ್ ಇನ್ನೂ ಹರಿಯುತ್ತಿದೆ. ನನ್ನ ಕುರ್ಚಿಯಲ್ಲಿ ಈಗ ನೀವು ಕೂತಿದ್ದೀರಿ.